ಹರಕು ಕೋಣೆ, ಮಧ್ಯರಾತ್ರಿಯ ರೇಡಿಯೊ: ‘ಬ್ಲಡ್‌ಲೈನ್ಸ್’ ಜೊತೆ ಆರು ವರ್ಷ

ಈ ಗೇಮ್‌ನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಜಾಗ ಒಂದು ಗಲೀಜು ಕೋಣೆ. ಸಾಂಟಾ ಮೋನಿಕಾದಲ್ಲಿ ಗಿರವಿ ಅಂಗಡಿಯ ಮೇಲಿದೆ. ಓಣಿಯಿಂದ ಒಳಗೆ ಹೋಗಿ ಮೆಟ್ಟಿಲು ಹತ್ತಬೇಕು. ಗೋಡೆಯ ಬಣ್ಣ ಎದ್ದಿದೆ. ಒಂದು ಫ್ರಿಜ್, ಒಂದು ಹಳೇ ಟಿವಿ, ಒಂದು ಕಂಪ್ಯೂಟರ್, ಒಂದು ರೇಡಿಯೊ. ಇಷ್ಟೇ. ಹೊಸದಾಗಿ ವ್ಯಾಂಪೈರ್ ಆದ ನಮ್ಮ ಪಾತ್ರಕ್ಕೆ ಹಗಲು ಕಳೆಯಲು ಕೊಟ್ಟ ಜಾಗ ಇದು. ಕಥೆ ಮುಂದೆ ಹೋದಂತೆ ಇದಕ್ಕಿಂತ ಒಳ್ಳೆಯ ಮನೆ ಸಿಗುತ್ತದೆ. ಆದರೂ ನನಗೆ ‘ಮನೆ’ ಅಂದರೆ ಇದೇ.

ಗೇಮ್‌ನ ಪೂರ್ತಿ ಹೆಸರು ‘ವ್ಯಾಂಪೈರ್: ದಿ ಮಾಸ್ಕರೇಡ್ – ಬ್ಲಡ್‌ಲೈನ್ಸ್’. 2004ರ ನವೆಂಬರ್ 16ರಂದು ಬಂದದ್ದು. ನಾನು ಆಡಲು ಶುರುಮಾಡಿದ್ದು ಎಷ್ಟೋ ವರ್ಷ ತಡವಾಗಿ, ಒಂದು ರಿಯಾಯಿತಿ ಮಾರಾಟದಲ್ಲಿ ಕೊಂಡು. ನನ್ನ ಲ್ಯಾಪ್‌ಟಾಪ್ ಹಳೆಯದು. ಹೊಸ ದೊಡ್ಡ ಗೇಮ್‌ಗಳು ಅದರಲ್ಲಿ ಓಡುವುದಿಲ್ಲ, ಅವಕ್ಕಾಗಿ ಹೊಸ ಲ್ಯಾಪ್‌ಟಾಪ್ ಕೊಳ್ಳುವ ಯೋಚನೆಯೂ ನನಗಿಲ್ಲ. ಹಾಗಾಗಿ ಹಳೇ ಗೇಮ್‌ಗಳನ್ನೇ ಹುಡುಕಿ ಆಡುತ್ತೇನೆ. ಇದು ಸುಮ್ನೆ ಒಂದು ವಾರ ಆಡಿ ಬಿಡೋಣ ಅಂತ ಹಾಕಿದ್ದು. ಆರು ವರ್ಷವಾಯಿತು, ಈಗ ಐದನೇ ಸಲ ಆಡುತ್ತಿದ್ದೇನೆ.

ದಿನದ ಕೆಲಸ ಮುಗಿದ ಮೇಲೆ ನನಗೆ ಸಿಗುವುದು ರಾತ್ರಿ ಒಂದು ಗಂಟೆ ಸಮಯ. ಆ ಒಂದು ಗಂಟೆಯಲ್ಲಿ ಮೊದಲು ಮಾಡುವ ಕೆಲಸ ಆ ಕೋಣೆಗೆ ಹೋಗುವುದು. ಕೆಳಗೆ ಅಂಚೆ ಪೆಟ್ಟಿಗೆ ಇಣುಕಿ ನೋಡುತ್ತೇನೆ. ಮೇಲೆ ಹೋಗಿ ರೇಡಿಯೊ ಹಾಕುತ್ತೇನೆ. ಡೆಬ್ ಅನ್ನುವವಳು ರಾತ್ರಿ ಕಾರ್ಯಕ್ರಮ ನಡೆಸುತ್ತಾಳೆ. ನಿದ್ದೆ ಬಾರದ ಜನ ಅವಳಿಗೆ ಫೋನ್ ಮಾಡುತ್ತಾರೆ. ಒಬ್ಬ ಯಾವಾಗಲೂ ಯಾವುದೋ ಗುಪ್ತ ಸಂಚಿನ ಬಗ್ಗೆ ಹೆದರಿಕೊಂಡೇ ಮಾತಾಡುತ್ತಾನೆ. ನಡುವೆ ಜಾಹೀರಾತು ಬರುತ್ತದೆ. ಡೆಬ್‌ಗೆ ಗೊತ್ತಿಲ್ಲ, ಆದರೆ ಅವಳ ಊರಿನ ಕತ್ತಲೆಯಲ್ಲಿ ಏನು ನಡೆಯುತ್ತಿದೆ ಅಂತ ಕೇಳುತ್ತಾ ಕೂತ ನಮಗೆ ಗೊತ್ತಿದೆ. ಆ ದನಿ ಹಿನ್ನೆಲೆಯಲ್ಲಿ ಇರುವಾಗಲೇ ಕಂಪ್ಯೂಟರ್‌ನಲ್ಲಿ ಮೇಲ್ ಓದುತ್ತೇನೆ. ಕೆಲಸ ಕೊಟ್ಟವರ ಪತ್ರ ಇರುತ್ತದೆ, ನಡುವೆ ಬೇಡದ ಜಾಹೀರಾತು ಮೇಲ್‌ಗಳೂ ಇರುತ್ತವೆ. ಟಿವಿಯಲ್ಲಿ ವಾರ್ತೆ. ‘ಎಲಿಜಬೆತ್ ಡೇನ್’ ಅನ್ನುವ ಹಡಗು ಸಮುದ್ರದಲ್ಲಿ ಒಬ್ಬರೂ ಇಲ್ಲದೆ ಸಿಕ್ಕಿತು ಅಂತ ಓದುತ್ತಾರೆ. ಮುಂದೆ ಆ ಹಡಗಿಗೆ ನಾವೇ ಹೋಗಬೇಕಾಗುತ್ತದೆ. ಕಥೆ ಹೀಗೆ ಟಿವಿ, ರೇಡಿಯೊ, ಮೇಲ್‌ಗಳ ಮೂಲಕ ಮೆಲ್ಲಗೆ ಮನೆಯೊಳಗೆ ಬರುತ್ತದೆ. ಆಮೇಲೆ ಸೇವ್ ಮಾಡಿ ಬೀದಿಗೆ ಇಳಿಯುತ್ತೇನೆ. ಎಷ್ಟೋ ದಿನ ಬೀದಿಗೆ ಇಳಿಯುವುದೇ ಇಲ್ಲ. ಡೆಬ್ ಮಾತು ಕೇಳಿ ಮಲಗುತ್ತೇನೆ.

ಬೀದಿಯೂ ಚಿಕ್ಕದು. ಲಾಸ್ ಏಂಜಲೀಸ್ ಅಂದರೆ ಇಲ್ಲಿ ನಾಲ್ಕು ತುಂಡು: ಸಾಂಟಾ ಮೋನಿಕಾ, ಡೌನ್‌ಟೌನ್, ಹಾಲಿವುಡ್, ಚೈನಾಟೌನ್. ಒಂದೊಂದರಲ್ಲೂ ಕೆಲವೇ ರಸ್ತೆ. ಯಾವಾಗಲೂ ರಾತ್ರಿ. ಈಗಿನ ಗೇಮ್‌ಗಳಲ್ಲಿ ಮೈಲುಗಟ್ಟಲೆ ಬಯಲು ಕೊಟ್ಟು, ಅದರಲ್ಲಿ ಮಾಡಲು ಏನೂ ಇಲ್ಲದೆ ಬಿಟ್ಟಿರುತ್ತಾರೆ ಅಲ್ವಾ? ಇಲ್ಲಿ ಹಾಗಲ್ಲ. ಪ್ರತಿ ಬಾಗಿಲ ಹಿಂದೆ ಯಾರೋ ಇದ್ದಾರೆ, ಅವರಿಗೆ ಏನೋ ಬೇಕಾಗಿದೆ. ರಿಕ್ ಶಾಫರ್ ಮಾಡಿದ ಸಂಗೀತ ಮೆಲ್ಲಗೆ ಕೇಳುತ್ತಿರುತ್ತದೆ. ಆರು ವರ್ಷವಾದ ಮೇಲೂ ಆ ಸಾಂಟಾ ಮೋನಿಕಾ ಟ್ಯೂನ್ ಕೇಳಿದರೆ ನನಗೆ ಮೈ ಹಗುರಾಗುತ್ತದೆ.

ಇನ್ನು ಮಾತು. ಈ ಗೇಮ್‌ನಲ್ಲಿ ಜನ ನಮ್ಮ ಕಣ್ಣಲ್ಲಿ ಕಣ್ಣಿಟ್ಟು ಮಾತಾಡುತ್ತಾರೆ. ಹುಬ್ಬು ಏರುತ್ತದೆ, ತುಟಿ ಬಿಗಿಯಾಗುತ್ತದೆ. 2004ರ ಗೇಮ್ ಅಂತ ಆಗ ಅನ್ನಿಸುವುದಿಲ್ಲ. ‘ಅಸೈಲಮ್’ ಅನ್ನುವ ಕ್ಲಬ್ ನಡೆಸುವ ತೆರೇಸ್ ಮತ್ತು ಜೆನೆಟ್ ಎಂಬ ಅಕ್ಕತಂಗಿಯರ ಜಗಳದ ನಡುವೆ ನಾವು ಸಿಕ್ಕಿಕೊಳ್ಳುತ್ತೇವೆ. ಅದು ಎಲ್ಲಿಗೆ ಹೋಗಿ ನಿಲ್ಲುತ್ತದೆ ಅಂತ ಹೇಳಿ ನಿಮ್ಮ ಖುಷಿ ಹಾಳು ಮಾಡುವುದಿಲ್ಲ. ಆದರೆ ಆ ಕೊನೆಯ ಮಾತುಕತೆಯಲ್ಲಿ ಒಂದೇ ಒಂದು ಉತ್ತರ ಆರಿಸಲು ನಾನು ಹತ್ತು ನಿಮಿಷ ಕೂತಿದ್ದೆ. ಕತ್ತಿ ಇಲ್ಲ, ಬಂದೂಕು ಇಲ್ಲ, ಬರೀ ಮಾತು. ಕೈ ಬೆವೆತಿತ್ತು.

ಇದಕ್ಕೆಲ್ಲ ಬೆನ್ನೆಲುಬು ಒಂದು ಸಣ್ಣ ನಿಯಮ. ಕೊಂದದ್ದಕ್ಕೆ ಇಲ್ಲಿ ಪಾತ್ರದ ಕೌಶಲ ಬೆಳೆಸುವ ಪಾಯಿಂಟ್ ಇಲ್ಲ. ಒಪ್ಪಿಕೊಂಡ ಕೆಲಸ ಮುಗಿಸಿದರೆ ಪಾಯಿಂಟ್. ಕಾವಲುಗಾರನನ್ನು ಹೊಡೆದು ಹೋಗಿ, ಹೆದರಿಸಿ ಹೋಗಿ, ಕಣ್ಣುತಪ್ಪಿಸಿ ಹೋಗಿ, ಅದು ನಮಗೆ ಬಿಟ್ಟದ್ದು. ಹಾಗಾಗಿ ಹೊಡೆದಾಟ ಬೇಡವೆನ್ನುವವರೂ ತಮ್ಮ ಪಾತ್ರವನ್ನು ನಂಬಿ ಆಡಬಹುದು. ಅದರ ಮೇಲೆ ಇನ್ನೆರಡು ಹಗ್ಗ. ಜನರ ಎದುರು ವ್ಯಾಂಪೈರ್ ಅಂತ ತೋರಿಸಿಕೊಂಡರೆ ‘ಮಾಸ್ಕರೇಡ್’, ಅಂದರೆ ವ್ಯಾಂಪೈರ್‌ಗಳು ಗುಟ್ಟಾಗಿರಬೇಕು ಅನ್ನುವ ನಿಯಮ, ಮುರಿಯುತ್ತದೆ. ಐದು ಸಲ ಮುರಿದರೆ ಆಟ ಮುಗಿಯಿತು. ರಕ್ತ ಕುಡಿಯುವಾಗ ಸಮಯಕ್ಕೆ ಸರಿಯಾಗಿ ಬಿಡದಿದ್ದರೆ ಎದುರಿನವರು ಸಾಯುತ್ತಾರೆ, ನಮ್ಮ ಮನುಷ್ಯತ್ವ ಒಂದು ಅಂಕ ಇಳಿಯುತ್ತದೆ. ಹಸಿವು ಜೋರಾಗಿದ್ದಾಗ ಬಟನ್‌ನಿಂದ ಬೆರಳು ತೆಗೆಯಲು ಮನಸ್ಸೇ ಬರುವುದಿಲ್ಲ. ಈ ತೂಗಾಟವನ್ನು ಇಷ್ಟು ಚೆನ್ನಾಗಿ ಕೈಗೆ ಮುಟ್ಟಿಸಿದ ಗೇಮ್ ನಾನು ಬೇರೆ ಆಡಿಲ್ಲ.

ಆಡಲು ಏಳು ವ್ಯಾಂಪೈರ್ ಕುಲಗಳಿವೆ, ಒಂದನ್ನು ಆರಿಸಬೇಕು. ಎರಡನೇ ಸಲ ನಾನು ಮಾಲ್ಕೇವಿಯನ್ ಆರಿಸಿದೆ. ಈ ಕುಲದವರಿಗೆಲ್ಲ ಬುದ್ಧಿ ಕದಡಿರುತ್ತದೆ. ಅವರಿಗೆ ಬರುವ ಉತ್ತರಗಳೇ ಬೇರೆ, ಅಕ್ಷರಗಳ ಆಕಾರವೂ ಬೇರೆ. ಟಿವಿಯಲ್ಲಿ ವಾರ್ತೆ ಓದುವವನು ನೇರ ನಮ್ಮ ಜೊತೆಯೇ ಮಾತಿಗಿಳಿಯುತ್ತಾನೆ. ರಸ್ತೆ ಬದಿಯ ಸ್ಟಾಪ್ ಬೋರ್ಡಿನ ಜೊತೆ ಜಗಳವಾಗುತ್ತದೆ. ಮೊದಲು ಇದು ನಗಿಸಲು ಮಾತ್ರ ಅಂದುಕೊಂಡಿದ್ದೆ. ಆಮೇಲೆ ತಿಳಿಯಿತು, ಆ ಒಗಟಿನಂಥ ಮಾತುಗಳಲ್ಲಿ ಮುಂದೆ ಆಗುವುದೆಲ್ಲ ಮೊದಲೇ ಅಡಗಿದೆ. ಕಥೆ ಗೊತ್ತಿದ್ದವರಿಗೆ ಮಾತ್ರ ಕೇಳಿಸುವ ಹಾಗೆ. ಎರಡನೇ ಸಲ ಆಡುವವನಿಗಾಗಿ ಇಷ್ಟು ಸಾಲು ಯಾರೋ ಕೂತು ಬರೆದಿದ್ದಾರಲ್ಲ ಅಂತ ನೆನೆದು ನನಗೆ ತುಂಬಾ ಸಂತೋಷವಾಯಿತು.

ಗೇಮ್‌ನಲ್ಲಿ ಬರುವ ದೆವ್ವದ ಹೋಟೆಲ್ ‘ಓಷನ್ ಹೌಸ್’ ಬಗ್ಗೆ ಎಲ್ಲರೂ ಬರೆದಿದ್ದಾರೆ. ನಾನು ಒಂದೇ ಮಾತು ಹೇಳುತ್ತೇನೆ: ಅಲ್ಲಿ ಹೊಡೆಯಲು ಒಬ್ಬ ಶತ್ರುವೂ ಇಲ್ಲ, ಆದರೂ ಹೆಡ್‌ಫೋನ್ ಹಾಕಿಕೊಂಡು ಒಬ್ಬನೇ ಪೂರ್ತಿ ಆಡಲು ನನಗೆ ಮೂರು ರಾತ್ರಿ ಬೇಕಾಯಿತು.

ಇಷ್ಟೆಲ್ಲ ಓದಿ ಈಗಲೇ ಕೊಳ್ಳಲು ಹೊರಟವರು ಸ್ವಲ್ಪ ನಿಲ್ಲಿ.

ಇದು ಮುಗಿಯದ ಗೇಮ್. ಮಾಡಿದ್ದು ಟ್ರೋಯ್ಕಾ ಅನ್ನುವ ಚಿಕ್ಕ ಸಂಸ್ಥೆ. ‘ಸೋರ್ಸ್’ ಎಂಜಿನ್ (ಗೇಮ್ ಕಟ್ಟಲು ಬಳಸುವ ಮೂಲ ಸಾಫ್ಟ್‌ವೇರ್) ಇನ್ನೂ ತಯಾರಾಗುತ್ತಿದ್ದಾಗಲೇ ಅದರ ಮೇಲೆ ಇದನ್ನು ಕಟ್ಟಿದರು. ಅದೇ ಎಂಜಿನ್‌ನ, ಜನ ಕಾಯುತ್ತಿದ್ದ ದೊಡ್ಡ ಗೇಮ್ ‘ಹಾಫ್-ಲೈಫ್ 2’ ಬರುವ ತನಕ ಇದನ್ನು ಹೊರಗೆ ಬಿಡುವಂತಿರಲಿಲ್ಲ. ಕೊನೆಗೆ ಎರಡೂ ಒಂದೇ ದಿನ ಬಂದವು. ಅಂಗಡಿಗೆ ಹೋದ ಜನ ಯಾವುದನ್ನು ಎತ್ತಿಕೊಂಡರು ಅಂತ ಹೇಳಬೇಕಾಗಿಲ್ಲ. 2005ರ ಫೆಬ್ರವರಿಯಲ್ಲಿ ಟ್ರೋಯ್ಕಾ ಬಾಗಿಲು ಮುಚ್ಚಿತು. ಮೊದಲು ಬಂದ ಆವೃತ್ತಿಯಲ್ಲಿ, ವ್ಯಾಂಪೈರ್ ಬೇಟೆಗಾರರಾದ ಲಿಯೋಪೋಲ್ಡ್ ಸಂಘದ ಮಠದಿಂದ ದೋಣಿಯಲ್ಲಿ ಹೊರಡುವ ಹೊತ್ತಿಗೆ ಗೇಮ್ ನಿಂತೇಹೋಗುತ್ತಿತ್ತು. ಅಂದರೆ ಕಥೆಯ ಕೊನೆ ಕಾಣಬೇಕಾದರೆ ಪ್ಯಾಚ್, ಅಂದರೆ ತಪ್ಪು ಸರಿಪಡಿಸುವ ಫೈಲು, ಬೇಕೇ ಬೇಕಿತ್ತು.

ಅದು ಆಗಲೇ ಸರಿಹೋಯಿತು. ಆದರೆ ಯಾವ ಪ್ಯಾಚ್‌ನಿಂದಲೂ ಸರಿಹೋಗದ ಜಾಗಗಳಿವೆ. ಹಾಲಿವುಡ್‌ನ ಚರಂಡಿಗಳು ಅಂಥವು. ನಾಸ್ಫೆರಾಟು ಕುಲದವರು ಅಡಗಿರುವ ಜಾಗಕ್ಕೆ ಹೋಗಬೇಕು. ದಾರಿ ಪೂರ್ತಿ ಸುರಂಗ, ನೀರು, ಮತ್ತೆ ಸುರಂಗ. ಪ್ರತಿ ತಿರುವಿನಲ್ಲೂ ಮೈಮೇಲೆ ಬೀಳುವ ವಿಕಾರ ಪ್ರಾಣಿಗಳು. ಮಾತಿಲ್ಲ, ಕಥೆಯಿಲ್ಲ, ಮನುಷ್ಯರಿಲ್ಲ. ಮೊದಲ ಸಲ ನನ್ನ ಪಾತ್ರ ಬರೀ ಮಾತುಗಾರ. ಎಲ್ಲ ಪಾಯಿಂಟ್ ಒಲಿಸುವುದಕ್ಕೆ, ಬೀಗ ತೆಗೆಯುವುದಕ್ಕೆ ಹಾಕಿದ್ದೆ. ಅಷ್ಟು ಹೊತ್ತೂ ಗೇಮ್ ‘ನಿನ್ನ ದಾರಿಯೂ ಸರಿ’ ಅನ್ನುತ್ತಲೇ ಬಂದಿತ್ತು. ಚರಂಡಿಗೆ ಇಳಿದ ಮೇಲೆ ಆ ಮಾತು ಮರೆತುಬಿಟ್ಟಿತು. ಒಂದೂವರೆ ವಾರ ಅಲ್ಲೇ ಸತ್ತು ಸತ್ತು ಎದ್ದೆ. ನನಗೆ ಬಂದದ್ದು ಬರೀ ಕೋಪವಲ್ಲ, ದುಃಖ. ಇಷ್ಟು ಹೊತ್ತು ನನ್ನ ಮಾತು ಕೇಳುತ್ತಿದ್ದ ಗೆಳೆಯ ಇದ್ದಕ್ಕಿದ್ದಂತೆ ಮುಖ ತಿರುಗಿಸಿದ ಹಾಗೆ.

ಅಲ್ಲಿಂದ ಮುಂದೆ ಈ ಬಿರುಕು ದೊಡ್ಡದಾಗುತ್ತಾ ಹೋಗುತ್ತದೆ. ಚೈನಾಟೌನ್ ಸಾಂಟಾ ಮೋನಿಕಾದಷ್ಟು ತುಂಬಿಲ್ಲ. ಕೆಲಸಗಳು ಚಿಕ್ಕವಾಗುತ್ತವೆ, ಹೊಡೆದಾಟ ಉದ್ದವಾಗುತ್ತದೆ. ಕೊನೆಯ ಭಾಗದಲ್ಲಿ ಕೋಣೆ ಆದ ಮೇಲೆ ಕೋಣೆ, ಬಂದೂಕು ಹಿಡಿದವರು, ಮತ್ತೆ ಕೋಣೆ. ಆ ಹೊಡೆದಾಟವಾದರೂ ಚೆನ್ನಾಗಿದೆಯಾ ಅಂದರೆ ಅದೂ ಇಲ್ಲ. ಕತ್ತಿ ಬೀಸಿದರೆ ತಗುಲಿತೋ ಇಲ್ಲವೋ ತಿಳಿಯುವುದಿಲ್ಲ. ಕೌಶಲ ಕಡಿಮೆಯಿದ್ದರೆ ಎದುರಿಗೇ ನಿಂತವನಿಗೂ ಗುಂಡು ತಾಗುವುದಿಲ್ಲ. ಮೊದಲ ಅರ್ಧಕ್ಕೆ ಕೊಟ್ಟ ಸಮಯ, ಪ್ರೀತಿ ಎರಡನೇ ಅರ್ಧಕ್ಕೆ ಸಿಕ್ಕಿಲ್ಲ ಅನ್ನುವುದು ಕಣ್ಣಿಗೆ ಕಾಣುತ್ತದೆ. ನಾಲ್ಕು ಸಲ ಆಡಿದರೂ ನಾನು ಕೊನೆ ಕಂಡದ್ದು ಎರಡೇ ಸಲ. ಉಳಿದೆರಡು ಸಲ ಹಾಲಿವುಡ್ ದಾಟಿದ ಮೇಲೆ ನಿಲ್ಲಿಸಿ, ಮತ್ತೆ ಮೊದಲಿಂದ ಶುರುಮಾಡಿದೆ.

ಹೀಗಿದ್ದರೂ ಇದು ಇವತ್ತಿಗೂ ಓಡುತ್ತಿರುವುದು ಒಬ್ಬರ ಹಟದಿಂದ. ವರ್ನರ್ ಸ್ಪಾಲ್ ಅಂತ ಜರ್ಮನಿಯ ರಸಾಯನಶಾಸ್ತ್ರಜ್ಞರು. ಗೇಮ್ ಮಾಡಿದವರಲ್ಲಿ ಒಬ್ಬರಲ್ಲ, ನಮ್ಮ ಹಾಗೇ ಆಡುವವರು. ಬೇರೊಬ್ಬರು ಶುರುಮಾಡಿದ್ದ ಅನಧಿಕೃತ ಪ್ಯಾಚನ್ನು 2005ರಲ್ಲಿ ಕೈಗೆತ್ತಿಕೊಂಡವರು, ವರ್ಷಗಟ್ಟಲೆ ಅದನ್ನು ಬಿಡಲೇ ಇಲ್ಲ. ದುಡ್ಡಿಲ್ಲದೆ, ಬಿಡುವಿನ ವೇಳೆಯಲ್ಲಿ. ಪ್ಯಾಚ್‌ನಲ್ಲಿ ಎರಡು ಬಗೆ. ‘ಬೇಸಿಕ್’ ಹಾಕಿದರೆ ಬಗ್‌ಗಳು ಮಾತ್ರ ಹೋಗುತ್ತವೆ. ‘ಪ್ಲಸ್’ ಹಾಕಿದರೆ, ಮೂಲ ಗೇಮ್‌ನ ಫೈಲುಗಳಲ್ಲೇ ಹುದುಗಿದ್ದು, ಸಮಯ ಸಾಲದೆ ಕೈಬಿಟ್ಟಿದ್ದ ಎಷ್ಟೋ ಸಂಗತಿಗಳು ಮತ್ತೆ ಜೀವ ಪಡೆಯುತ್ತವೆ. ಕೆಲವು ಬದಲಾವಣೆ ಅವರ ಸ್ವಂತದ್ದೂ ಇವೆ. ಮೊದಲ ಸಲ ಆಡುವವರು ಬೇಸಿಕ್ ಹಾಕಿ. 2004ರಲ್ಲಿ ಆ ತಂಡ ಏನು ಕೊಟ್ಟಿತ್ತೋ ಅದನ್ನೇ ಮೊದಲು ನೋಡಿ. ಎರಡನೇ ಸಲ ಪ್ಲಸ್. ಗೊತ್ತಿರುವ ಬೀದಿಯಲ್ಲಿ ಹೊಸ ಬಾಗಿಲು ತೆರೆದಿರುವುದನ್ನು ನೋಡುವ ಖುಷಿಯೇ ಬೇರೆ.

ಆಡುವವರಿಗೆ ಎರಡು ಮಾತು. ಸೇವ್‌ಗಳನ್ನು ಬೇರೆ ಬೇರೆ ಹೆಸರಲ್ಲಿ ಇಟ್ಟುಕೊಳ್ಳಿ, ಬರೀ ಕ್ವಿಕ್‌ಸೇವ್ ನಂಬಬೇಡಿ. ಹೊಸ ಜಾಗಕ್ಕೆ ಕಾಲಿಡುವ ಮುಂಚೆ ಒಂದು, ಮುಖ್ಯ ಮಾತುಕತೆಗೆ ಮುಂಚೆ ಒಂದು. ಮತ್ತೆ, ಮಾತುಗಾರ ಪಾತ್ರವನ್ನೇ ಮಾಡಿದರೂ ಹಾಲಿವುಡ್ ಮುಟ್ಟುವ ಹೊತ್ತಿಗೆ ಯಾವುದಾದರೂ ಒಂದು ಆಯುಧಕ್ಕೆ ಸ್ವಲ್ಪ ಪಾಯಿಂಟ್ ಹಾಕಿಡಿ. ನನಗೆ ಯಾರೂ ಇದನ್ನು ಹೇಳಲಿಲ್ಲ. ಹೊಡೆದಾಟಕ್ಕಾಗಿಯೇ ಗೇಮ್ ಆಡುವವರಾದರೆ ಇದು ನಿಮಗಲ್ಲ. ಮನುಷ್ಯರ ಜೊತೆ ಮಾತಾಡಲು ಆಡುವವರಾದರೆ, ಕಡಿಮೆ ದುಡ್ಡಿಗೆ, ಹಳೇ ಲ್ಯಾಪ್‌ಟಾಪ್‌ನಲ್ಲಿ, ಇದಕ್ಕಿಂತ ಹೆಚ್ಚು ಕೊಡುವ ಗೇಮ್ ನನಗಂತೂ ಸಿಕ್ಕಿಲ್ಲ.

ಈ ಸಲ ಟ್ರೆಮೀರ್ ಕುಲದ ಹೆಣ್ಣಾಗಿ ಆಡುತ್ತಿದ್ದೇನೆ. ನಿನ್ನೆ ರಾತ್ರಿ, ಗೇಮ್‌ನ ಶುರುವಿನಲ್ಲಿ ನಮಗೆ ನೆರವಾಗುವ ಮರ್ಕ್ಯುರಿಯೊ ಅನ್ನುವವನಿಗೆ ನೋವಿನ ಔಷಧಿ ತರಲು ಕ್ಲಿನಿಕ್‌ಗೆ ಹೋದೆ. ಅಲ್ಲೊಂದು ಕೋಣೆಯಲ್ಲಿ ಹೆದರ್ ಅನ್ನುವ ಹುಡುಗಿ ರಕ್ತ ಸೋರಿ ಸಾಯುತ್ತಿರುತ್ತಾಳೆ. ಯಾರೂ ತಿರುಗಿ ನೋಡುವುದಿಲ್ಲ. ನಮ್ಮ ರಕ್ತ ಕುಡಿಸಿದರೆ ಬದುಕುತ್ತಾಳೆ. ಆದರೆ ಆಮೇಲೆ ಅವಳು ನಮಗೇ ಅಂಟಿಕೊಳ್ಳುತ್ತಾಳೆ. ಕಾಲೇಜು ಬಿಟ್ಟು ನಮ್ಮ ಮನೆಗೇ ಬಂದು ಇರುತ್ತಾಳೆ, ಹೇಳಿದ್ದೆಲ್ಲ ಮಾಡುತ್ತಾಳೆ. ಕಥೆ ಮುಂದೆ ಹೋದಂತೆ ಅಪಾಯ ಅವಳ ಹತ್ತಿರಕ್ಕೂ ಬರುತ್ತದೆ. ಸಮಯಕ್ಕೆ ಸರಿಯಾಗಿ ‘ನನ್ನನ್ನು ಬಿಟ್ಟು ಹೋಗು’ ಅಂತ ಗಟ್ಟಿಯಾಗಿ ಹೇಳಿ ಕಳಿಸಬೇಕು. ಮೊದಲ ಸಲ ನನಗದು ಗೊತ್ತಿರಲಿಲ್ಲ. ಅವಳು ತಂದುಕೊಡುವ ಉಡುಗೊರೆಗಳ ಆಸೆಗೆ ಜೊತೆಗೇ ಇಟ್ಟುಕೊಂಡೆ. ಅವಳು ಉಳಿಯಲಿಲ್ಲ. ಅವತ್ತು ಗೇಮ್ ಬಂದ್ ಮಾಡಿ ಸುಮಾರು ಹೊತ್ತು ಸುಮ್ಮನೆ ಕೂತಿದ್ದೆ.

ನಿನ್ನೆ ಅವಳ ಹಾಸಿಗೆಯ ಪಕ್ಕ ನಿಂತೆ. ರಕ್ತ ಕುಡಿಸಿದೆ. ಬೇರೆ ಏನೂ ಮಾಡಲು ಈ ಆರು ವರ್ಷದಲ್ಲಿ ನನಗೆ ಒಮ್ಮೆಯೂ ಮನಸ್ಸು ಬಂದಿಲ್ಲ. ಮರ್ಕ್ಯುರಿಯೊಗೆ ಔಷಧಿ ಕೊಟ್ಟು, ಓಣಿ ದಾಟಿ, ಮೆಟ್ಟಿಲು ಹತ್ತಿ ಕೋಣೆಗೆ ಬಂದೆ. ಹೊಸ ಹೆಸರಲ್ಲಿ ಸೇವ್ ಮಾಡಿದೆ. ರೇಡಿಯೊದಲ್ಲಿ ಡೆಬ್ ಮುಂದಿನ ಫೋನ್ ತೆಗೆದುಕೊಳ್ಳುತ್ತಿದ್ದಳು.