ವೆಲ್ಡಿಂಗ್ ಕಲಿಯುವವರಿಗೆ ಯಾವ ಜಾಕೆಟ್? ಚರ್ಮ, ಕಾಟನ್, ಎರಡೂ ಸೇರಿದ್ದು

ಹೆಲ್ಮೆಟ್ ಯಾವುದು ಕೊಳ್ಳಬೇಕು ಎಂದು ಹೊಸಬರು ಹತ್ತು ಜನರನ್ನು ಕೇಳುತ್ತಾರೆ. ಬಟ್ಟೆಗೆ ಮಾತ್ರ ಹಳೇ ಅಂಗಿಯೊಂದು ಸಾಕು ಅಂದುಕೊಳ್ಳುತ್ತಾರೆ. ಸಾಲದು. ಆರ್ಕ್‌ನಿಂದ (ಲೋಹ ಕರಗಿಸುವ ಕರೆಂಟಿನ ಉರಿಬೆಳಕು) ಬರುವುದು ಕಿಡಿ ಮಾತ್ರವಲ್ಲ, ಅತಿನೇರಳೆ ಕಿರಣವೂ ಬರುತ್ತದೆ. ಮುಚ್ಚದೆ ಬಿಟ್ಟ ಕುತ್ತಿಗೆ, ಮಣಿಕಟ್ಟು ಕೆಲವೇ ನಿಮಿಷಗಳಲ್ಲಿ ಸುಡಬಹುದು. ಉರಿ ಶುರುವಾಗುವುದು ಎಷ್ಟೋ ಹೊತ್ತಿನ ಮೇಲೆ.

ನಾನು ಮೂರು ಬಗೆಯ ಜಾಕೆಟ್ ಹಾಕಿಕೊಂಡು ಕೆಲಸ ಮಾಡಿ ನೋಡಿದ್ದೇನೆ. ಪೂರ್ತಿ ಚರ್ಮದ್ದು, ಬೆಂಕಿ ಹರಡದಂತೆ ಹದ ಮಾಡಿದ ಹತ್ತಿಯದ್ದು (ಎಫ್‌ಆರ್ ಕಾಟನ್ ಎಂದು ಮಾರುತ್ತಾರೆ), ಮತ್ತೆ ಮೈಗೆ ಕಾಟನ್, ತೋಳಿಗೆ ಚರ್ಮ ಇರುವ ಮಿಶ್ರ ಜಾಕೆಟ್.

ಕಿಡಿ ತಡೆಯುವುದರಲ್ಲಿ ಚರ್ಮಕ್ಕೆ ಸಾಟಿಯಿಲ್ಲ. ರಾಡ್ ವೆಲ್ಡಿಂಗ್‌ನಲ್ಲಿ (ಕರಗುವ ರಾಡ್ ಹಿಡಿದು ಮಾಡುವುದು), ಅದರಲ್ಲೂ ತಲೆಗಿಂತ ಮೇಲಿನ ಜಾಯಿಂಟ್ ಮಾಡುವಾಗ, ಕರಗಿದ ಲೋಹ ನೇರ ಭುಜಕ್ಕೆ ಬೀಳುತ್ತದೆ. ಆಗ ಚರ್ಮ ಮೈಮೇಲಿದ್ದರೆ ಧೈರ್ಯ. ಆದರೆ ಅದು ಭಾರ, ಸೆಕೆ ಜಾಸ್ತಿ, ತೋಳು ಬಿರುಸು. ಕಲಿಯುವವರಿಗೆ ಮೊದಲು ಬೇಕಾದದ್ದು ಅಲುಗದ ಕೈ ಅಲ್ವಾ? ಈ ಜಾಕೆಟ್ ಅದಕ್ಕೇ ಅಡ್ಡ ಬರುತ್ತದೆ. ಸೆಕೆ ತಡೆಯಲಾರದೆ ಕುತ್ತಿಗೆಯ ಗುಂಡಿ ಬಿಚ್ಚುವವರನ್ನು ತುಂಬಾ ನೋಡಿದ್ದೇನೆ. ಗುಂಡಿ ಬಿಚ್ಚಿದ ಚರ್ಮಕ್ಕಿಂತ ಗುಂಡಿ ಹಾಕಿದ ಕಾಟನ್ ಎಷ್ಟೋ ಮೇಲು. ಬೆವರಿನ ಇನ್ನೊಂದು ಅಪಾಯ ಕರೆಂಟಿನದು. ಒದ್ದೆಯಾದ ಗ್ಲೌಸ್, ಒದ್ದೆಯಾದ ಬಟ್ಟೆ ಶಾಕ್ ತಡೆಯುವುದಿಲ್ಲ.

ಎಫ್‌ಆರ್ ಕಾಟನ್ ಹಗುರ. ಟಿಗ್‌ಗೆ (ಕರಗದ ಟಂಗ್‌ಸ್ಟನ್ ಮೊನೆಯಿಂದ ಆರ್ಕ್ ಹಚ್ಚುವ ವೆಲ್ಡಿಂಗ್), ಮೇಜಿನ ಮೇಲಿನ ಸಣ್ಣ ಮಿಗ್ (ಗನ್‌ನಿಂದ ತಂತಿ ತಾನಾಗಿ ಬರುವ ವೆಲ್ಡಿಂಗ್) ಕೆಲಸಕ್ಕೆ ನನಗೆ ಇದೇ ಇಷ್ಟ. ಟಿಗ್‌ನಲ್ಲಿ ಕಿಡಿ ಹಾರುವುದು ಕಡಿಮೆ. ಆದರೆ ಕಿರಣ ಜೋರು, ಹಾಗಾಗಿ ತೋಳು ಮಡಚುವಂತಿಲ್ಲ. ಮಡಿಕೆಯಲ್ಲಿ ಕಾದ ಹನಿ ಕೂತರೆ ಬಟ್ಟೆ ತೂತಾಗುತ್ತದೆ, ಆದರೆ ಆ ತೂತಿನಿಂದ ಬೆಂಕಿ ಹರಡುವುದಿಲ್ಲ. ಒಗೆಯುವಾಗ ಮಾತ್ರ ಎಚ್ಚರ ಬೇಕು. ಬ್ಲೀಚ್ ಹಾಕಿದರೆ ಬೆಂಕಿ ತಡೆಯುವ ಗುಣ ಹಾಳಾಗುತ್ತದೆ. ಬಟ್ಟೆ ಮೆದು ಮಾಡುವ ಸಾಫ್ಟ್ನರ್ ಹಾಕಿದರೆ ಹೊತ್ತಿಕೊಳ್ಳುವ ಪದರವೊಂದು ಉಳಿಯುತ್ತದೆ. ಎಣ್ಣೆ, ಗ್ರೀಸ್ ಮೆತ್ತಿದ ಜಾಕೆಟ್ ತೊಟ್ಟು ಆರ್ಕ್ ಹಚ್ಚಲೇಬೇಡಿ.

ಮಿಶ್ರ ಜಾಕೆಟ್‌ನಲ್ಲಿ ಕಿಡಿ ಜಾಸ್ತಿ ಬೀಳುವ ತೋಳಿಗೆ ಚರ್ಮ, ಗಾಳಿ ಬೇಕಾದ ಬೆನ್ನಿಗೆ ಕಾಟನ್. ತುಂಬಾ ಹೊತ್ತು ತೊಟ್ಟರೂ ಬಿಚ್ಚಬೇಕು ಅನ್ನಿಸಲಿಲ್ಲ. ತೊಂದರೆ ಏನೆಂದರೆ, ತೋಳು ಚರ್ಮದ್ದಾದ್ದರಿಂದ ಸುಮ್ನೆ ಮೆಷಿನ್‌ಗೆ ಹಾಕಿ ಒಗೆಯಲು ಆಗುವುದಿಲ್ಲ. ಅದಕ್ಕೇ ಹೊಸಬರಿಗೆ ನಾನು ಹೇಳುವುದು ಬೇರೆ ದಾರಿ: ಎಫ್‌ಆರ್ ಕಾಟನ್ ಜಾಕೆಟ್ ಒಂದು, ಮೇಲೆ ಹಾಕಿಕೊಳ್ಳುವ ಚರ್ಮದ ತೋಳು ಒಂದು ಜೊತೆ, ಚರ್ಮದ ಏಪ್ರನ್ ಒಂದು. ರಾಡ್ ಹಿಡಿದಾಗ ಮೂರೂ ಇರಲಿ. ಟಿಗ್‌ಗೆ ಜಾಕೆಟ್ ಸಾಕು. ತಲೆ ಮೇಲಿನ ಕೆಲಸ ದಿನಾ ಇದ್ದರೆ ಮಾತ್ರ ಪೂರ್ತಿ ಚರ್ಮದ್ದು ಕೊಳ್ಳಿ.

ಯಾವುದೇ ಕೊಂಡರೂ ಲೇಬಲ್‌ನಲ್ಲಿ ಐಎಸ್‌ಒ 11611 (ವೆಲ್ಡಿಂಗ್ ಬಟ್ಟೆಯ ಅಂತರರಾಷ್ಟ್ರೀಯ ಗುಣಮಟ್ಟ) ಇದೆಯಾ ನೋಡಿ. ಅದರಲ್ಲಿ ಎರಡು ಕ್ಲಾಸ್ ಇವೆ. ಬಟ್ಟೆಯ ಮೇಲೆ ಕರಗಿದ ಲೋಹದ ಹನಿ ಬೀಳಿಸಿ, ಹಿಂಬದಿ 40 ಡಿಗ್ರಿ ಬಿಸಿ ಏರಲು ಎಷ್ಟು ಹನಿ ಬೇಕಾಯಿತು ಎಂದು ಎಣಿಸುತ್ತಾರೆ. ಕ್ಲಾಸ್ 1ಕ್ಕೆ ಕನಿಷ್ಠ 15, ಕ್ಲಾಸ್ 2ಕ್ಕೆ 25. ಟಿಗ್‌ಗೆ ಕ್ಲಾಸ್ 1 ನಡೆಯುತ್ತದೆ, ಕಿಡಿ ಜೋರಾಗಿ ಹಾರುವ ಕೆಲಸಕ್ಕೆ ಕ್ಲಾಸ್ 2 ಬೇಕು.

ಒಳಗೆ ಪಾಲಿಯೆಸ್ಟರ್ ಬನಿಯನ್ ಬೇಡ. ಕರಗಿ ಮೈಗೇ ಅಂಟುತ್ತದೆ. ಪ್ಯಾಂಟಿನ ತುದಿ ಮಡಚಿರಬಾರದು, ಬೂಟಿನ ಮೇಲೆ ಇಳಿದಿರಬೇಕು. ಕೊಳ್ಳುವ ಮುಂಚೆ ಜಾಕೆಟ್ ತೊಟ್ಟು, ಗುಂಡಿ ಎಲ್ಲಾ ಹಾಕಿ, ಎರಡೂ ಕೈ ಮೇಲೆತ್ತಿ ನೋಡಿ. ಸೊಂಟ ಅಥವಾ ಮಣಿಕಟ್ಟು ಕಂಡರೆ ಒಂದು ಸೈಜ್ ದೊಡ್ಡದು ಕೇಳಿ.