ಒಂದು ಬಿಎಸ್‌ಎ, ಎರಡು ಲೇಥು, ಒಬ್ಬ ಟರ್ನರ್ ಕಾಕಾ

ಬೈಕು ಬಂದಿದ್ದು ಬೆಳಗಾವಿಯಿಂದ. ಸೋದರಮಾವನ ಗೋದಾಮಿನಲ್ಲಿ ತಗಡಿನ ಕೆಳಗೆ ಬಿದ್ದಿದ್ದ ಬಿಎಸ್‌ಎ ಎಂ20. 496 ಸಿಸಿ, ಸೈಡ್ ವಾಲ್ವ್, ಒಂದೇ ಸಿಲಿಂಡರು. ಎರಡನೇ ಮಹಾಯುದ್ಧದ ಹೊತ್ತಿಗೆ ಬ್ರಿಟಿಷ್ ಸೈನ್ಯಕ್ಕೆಂದು ಲಕ್ಷಕ್ಕೂ ಹೆಚ್ಚು ತಯಾರಾದ ಗಾಡಿ ಇದು. "ತಗೊಂಡು ಹೋಗಪ್ಪ, ಇಲ್ಲಿ ಇಲಿಗಳಷ್ಟ ಸವಾರಿ ಮಾಡ್ತಾವ" ಅಂದರು ಮಾವ. ಟೆಂಪೋ ಬಾಡಿಗೆ ಕೊಟ್ಟು ಪುಣೆಗೆ ತಂದೆ.

ಪುಣೆಯಲ್ಲಿ ಟೂ ವೀಲರ್ ಪಾರ್ಟ್ಸ್ ಅಂದರೆ ನಾನಾ ಪೇಠ್. ಅಲ್ಲಿ ಸಿಗದ್ದಿಲ್ಲ ಅಂತಾರೆ. ನನ್ನ ಸವೆದ ಸ್ಪಿಂಡಲ್ಲನ್ನು, ಅಂದರೆ ಚಕ್ರದ ಅಚ್ಚನ್ನು, ಕೈಯಲ್ಲಿ ತಿರುಗಿಸಿ ನೋಡಿ ಪ್ರತಿ ಅಂಗಡಿಯವರೂ ವಾಪಸ್ ಕೊಟ್ಟರು. ಇದರ ಥ್ರೆಡ್ಡೇ, ಅಂದರೆ ನಟ್ಟು ಸುತ್ತುವ ಗೆರೆಯೇ ಬೇರೆ. ಇಂಗ್ಲೆಂಡಿನಿಂದ ತರಿಸಬಹುದು, ಆದರೆ ಸಾಮಾನಿಗಿಂತ ಸಾಗಾಣಿಕೆ ದುಬಾರಿ. ಹಾಗಾಗಿ ಮಾಡಿಸಬೇಕು, ಇಲ್ಲವೇ ಮಾಡಬೇಕು.

ನಾಲ್ಕು ವರ್ಷದಲ್ಲಿ ಮೂರು ದಾರಿ ಹಿಡಿದು ನೋಡಿದೆ. ಭೋಸರಿಯ ಟರ್ನರ್ ಹತ್ತಿರ ಮಾಡಿಸೋದು, ಮನೆಯಲ್ಲೇ ಚೀನಾದ ಪುಟ್ಟ ಲೇಥ್ (ಲೋಹವನ್ನು ತಿರುಗಿಸಿ ಕಡೆಯುವ ಯಂತ್ರ), ಆಮೇಲೆ ಒಂದು ಹಳೇ ದೊಡ್ಡ ಲೇಥ್. ಗೆದ್ದಿದ್ದು ಹಳೇ ಲೇಥು, ಮೊದಲೇ ಹೇಳಿಬಿಡುತ್ತೇನೆ. ಆದರೆ ಅದನ್ನೇ ಮೊದಲು ಕೊಂಡಿದ್ದರೆ ನಾನು ಇಷ್ಟು ಕಲಿಯುತ್ತಿರಲಿಲ್ಲ.

ಟರ್ನರ್ ಕಾಕಾ ಇಂಡಿ ಕಡೆಯವರು. ಮೂವತ್ತು ವರ್ಷದಿಂದ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿದ್ದಾರೆ. ಮುಂದಿನ ಗರ್ಡರ್ ಫೋರ್ಕಿನ ಸವೆದ ಬುಶ್ (ಕೀಲಿನೊಳಗೆ ಕೂರುವ ಲೋಹದ ಕೊಳವೆ) ಕೊಟ್ಟು "ಇಂಥವು ನಾಲ್ಕು ಬೇಕು ಕಾಕಾ" ಅಂದೆ. ಎರಡೇ ದಿನದಲ್ಲಿ ಗನ್‌ಮೆಟಲ್‌ನಲ್ಲಿ ಮಾಡಿಟ್ಟರು, ಒಂದಕ್ಕೆ 400 ರೂಪಾಯಿ. ಫಳಫಳ ಹೊಳೆಯುತ್ತಿದ್ದವು. ಮನೆಗೆ ತಂದು ಹಾಕಿದರೆ ಫೋರ್ಕು ಮೊದಲಿನ ಹಾಗೇ ಲೊಡಲೊಡ! ವಾಪಸ್ ಹೋಗಿ ಕೇಳಿದೆ. "ನೀವ್ ಕೊಟ್ಟ ಸ್ಯಾಂಪಲ್ ಹಂಗ ಐತಲ್ರೀ ಸರ. ಅಳತಿ ಬರದು ಕೊಟ್ಟಿದ್ರ ಅಳತಿಗೆ ಮಾಡ್ತಿದ್ದೆ" ಅಂದರು.

ಮಾತು ನಿಜ ಅಲ್ವಾ? ನಾನು ಸವೆತವನ್ನೇ ನಕಲು ಮಾಡಿಸಿದ್ದೆ. ಬುಶ್ಶು ಕೂರುವ ತೂತು ಎಷ್ಟು, ಅದಕ್ಕಿಂತ ಬುಶ್ಶು ಎಷ್ಟು ದಪ್ಪ ಇರಬೇಕು, ಒತ್ತಿ ಕೂರಿಸಿದ ಮೇಲೆ ಒಳಗಿನ ತೂತು ಎಷ್ಟು ಕಿರಿದಾಗುತ್ತೆ, ಇದೆಲ್ಲ ಕಾಕಾನ ಕೆಲಸ ಅಂದುಕೊಂಡಿದ್ದೆ. ಅದು ನನ್ನ ಕೆಲಸ. ಅಳತೆ ಗೊತ್ತಿಲ್ಲದವನು ಹೊರಗೆ ಕೆಲಸ ಕೊಡಲೂ ಬಾರದು. ಒಂದು ಮೈಕ್ರೋಮೀಟರ್ ಕೊಂಡೆ, ಅಲ್ಲಿಂದ ಹುಚ್ಚು ಹಿಡಿಯಿತು.

ನಾವಿರೋದು ನಾಲ್ಕನೇ ಮಹಡಿಯ ಫ್ಲ್ಯಾಟು. ಪುಟ್ಟ ಲೇಥ್ ತೂಕ ಸುಮಾರು 40 ಕೆಜಿ. ಲಿಫ್ಟಿನಲ್ಲಿ ಬಂತು, ಬಾಲ್ಕನಿಯಲ್ಲಿ ವಾಷಿಂಗ್ ಮಷಿನ್ ಪಕ್ಕ ಕೂತಿತು. ಬೆಡ್ ಮೇಲೆ, ಅಂದರೆ ಲೇಥಿನ ಉದ್ದನೆ ಹಾಸಿನ ಮೇಲೆ, 180 ಮಿಮೀ ದಪ್ಪದ ವಸ್ತು ತಿರುಗುತ್ತೆ ಅಂತ ಬರೆದಿರುತ್ತೆ, ಆದರೆ ಟೂಲ್ ಹೊತ್ತ ಕ್ರಾಸ್ ಸ್ಲೈಡ್ ಮೇಲೆ ಅದರ ಅರ್ಧದಷ್ಟೇ ಅನ್ನಿ. ಬಟ್ಟೆ ಒಣಗಿಸುವ ಜಾಗ ಹೋಯಿತು ಅಂತ ಮನೆಯಲ್ಲಿ ಗಲಾಟೆ. ರಾತ್ರಿ ಹತ್ತರ ಮೇಲೆ ಮೋಟಾರ್ ಹಾಕುವಂತಿಲ್ಲ.

ಇದರ ಗುಣ ಏನಂದರೆ, ತಪ್ಪನ್ನು ಸುಮ್ನೆ ಬಿಡೋದಿಲ್ಲ. ಟೂಲಿನ ತುದಿ ಸೆಂಟರಿಗಿಂತ ಅರ್ಧ ಮಿಮೀ ಮೇಲಿದ್ದರೆ ಕತ್ತರಿಸದೆ ಉಜ್ಜುತ್ತೆ. ಕೆಳಗಿದ್ದರೆ ಫೇಸಿಂಗ್ ಮಾಡಿದಾಗ, ಅಂದರೆ ತುದಿ ಸಪಾಟು ಮಾಡಿದಾಗ, ಮಧ್ಯದಲ್ಲಿ ಒಂದು ಮೊಳಕೆ ಉಳಿಯುತ್ತೆ. ಪಾರ್ಟಿಂಗ್ ಮಾಡಲು, ಅಂದರೆ ತುಂಡು ಬೇರೆ ಮಾಡಲು ಹೋದರೆ ಇಡೀ ಮೇಜು ನಡುಗುತ್ತೆ, ಕೆಳಗಿನ ಮನೆಯವರು ಬೆಲ್ ಒತ್ತುತ್ತಾರೆ. ಮೊದಲ ಎರಡು ತಿಂಗಳು ನಾನು ಮಾಡಿದ್ದು ಎಚ್‌ಎಸ್‌ಎಸ್ ಉಕ್ಕಿನ ಟೂಲ್ ಬಿಟ್ ಸಾಣೆ ಹಿಡಿಯೋದು, ಮತ್ತೆ ಹಿಡಿಯೋದು. ಒಂದು ಸಂಜೆ ಎಂಎಸ್ (ಮೈಲ್ಡ್ ಸ್ಟೀಲ್) ರಾಡಿನಿಂದ ಸುರುಳಿ ಸುರುಳಿಯಾಗಿ ಉದ್ದನೆ ಚೂರು ಇಳಿಯಿತು, ಸದ್ದೇ ಇಲ್ಲ. ಮಗಳನ್ನು ಕರೆದು ತೋರಿಸಿದೆ. ಅವಳು ಚಕ್ಕುಲಿ ಅಂದಳು.

ಅದೇ ವಾರ ಚಕ್ಕನ್ನು, ಅಂದರೆ ತುಂಡು ಹಿಡಿದು ತಿರುಗಿಸುವ ಹಿಡಿಕೆಯನ್ನು, ಬಿಗಿ ಮಾಡುವ ಕೀ ಚಕ್ಕಿನಲ್ಲೇ ಬಿಟ್ಟು ಸ್ವಿಚ್ ಒತ್ತಿದೆ. ಕೀ ಹಾರಿ ವಾಷಿಂಗ್ ಮಷಿನ್ನಿಗೆ ಬಡಿಯಿತು. ಆ ತಗ್ಗು ಇನ್ನೂ ಇದೆ, ಮನೆಯವಳು ಬಂದವರಿಗೆಲ್ಲ ತೋರಿಸುತ್ತಾಳೆ. ಈಗ ಕೀ ಕೈಯಿಂದ ಬಿಡುವ ಮೊದಲು ಚಕ್ಕಿನಿಂದ ತೆಗೆದಿರಬೇಕು ಅನ್ನೋದು ನನ್ನ ನಿಯಮ.

ಬುಶ್ಶುಗಳಿಗೆ ಈ ಲೇಥು ಸಾಕು. ಈ ಸಲ ತೂತಿಗಿಂತ ಎರಡೂವರೆ ನೂರಾಂಶ, ಅಂದರೆ 0.025 ಮಿಮೀ ಜಾಸ್ತಿ ಇಟ್ಟು ಬುಶ್ ಮಾಡಿದೆ, ವೈಸಿನಲ್ಲಿ ಒತ್ತಿ ಕೂರಿಸಿದೆ, ಆಮೇಲೆ ತೂತನ್ನು ಅಳತೆಗೆ ತರುವ ರೀಮರ್ ಹಾಕಿದೆ. ಫೋರ್ಕಿನ ಲೊಡಲೊಡ ನಿಂತಿತು. ಮೂರು ಬುಶ್ ಹಾಳಾಗಿದ್ದವು, ಅದನ್ನೂ ಸೇರಿಸಿದರೆ ಕಾಕಾನ ರೇಟೇ ಕಮ್ಮಿ.

ಸೋತಿದ್ದು ಥ್ರೆಡ್ಡಿನಲ್ಲಿ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದರೆ ಹಳೇ ಬ್ರಿಟಿಷ್ ಗಾಡಿ ಹಿಡಿದವರೆಲ್ಲ ಇಲ್ಲೇ ಎಡವೋದು. ಎಂ20ಯಲ್ಲಿ ಒಂದೇ ಜಾತಿಯ ಥ್ರೆಡ್ ಇಲ್ಲ. ಕೆಲವು ಕಡೆ ಹಳೇ ಬ್ರಿಟಿಷ್ ವಿಟ್‌ವರ್ತ್ ಥ್ರೆಡ್ಡಿನ ಸಂತಾನದ ಬಿಎಸ್‌ಎಫ್, ಅದರ ಹಲ್ಲಿನ ಕೋನ 55 ಡಿಗ್ರಿ. ಹಲವು ಕಡೆ ಸೈಕಲ್ ಥ್ರೆಡ್, ಇಂಚಿಗೆ 26 ಸುತ್ತು, ಕೋನ 60 ಡಿಗ್ರಿ. ನಮ್ಮ ಮೆಟ್ರಿಕ್ ಥ್ರೆಡ್ಡಿನ ಕೋನವೂ 60. ನನಗೆ ಮೋಸವಾಗಿದ್ದು ಈ 60ರಿಂದಲೇ. ಇಂಚಿಗೆ 26 ಅಂದರೆ ಒಂದು ಸುತ್ತಿಗೆ 0.977 ಮಿಮೀ. ಥ್ರೆಡ್ ಅಳೆಯುವ ಪಿಚ್ ಗೇಜಿನ 1 ಮಿಮೀ ಎಲೆ ಇಟ್ಟು ನೋಡಿದೆ, ಕೂತ ಹಾಗೇ ಕಂಡಿತು. ನನ್ನ ಲೇಥಿನ ಪಟ್ಟಿಯಲ್ಲಿ 26 ಇರಲಿಲ್ಲ, ಒಂದು ಮಿಮೀ ಇತ್ತು. ನಡೆಯುತ್ತೆ ಬಿಡು ಅಂತ ಕತ್ತರಿಸಿದೆ.

ನಟ್ಟು ಮೂರು ಸುತ್ತು ಬೆಣ್ಣೆಯ ಹಾಗೆ ಹೋಯಿತು. ನಾಲ್ಕನೆಯದಕ್ಕೆ ಬಿಗಿ. ಐದಕ್ಕೆ ಕಚ್ಚಿಕೊಂಡಿತು. ಒಂದು ಸುತ್ತಿಗೆ 0.023 ಮಿಮೀ ವ್ಯತ್ಯಾಸ, ಹತ್ತು ಸುತ್ತಿಗೆ ಕಾಲು ಮಿಮೀ ಹತ್ತಿರ. ಹಳೇ ಮೆಕ್ಯಾನಿಕ್‌ಗಳು ಸ್ಪ್ಯಾನರಿಗೆ ಪೈಪ್ ಹಾಕಿ ತಿರುಗಿಸಿ ಎಷ್ಟು ಎಂ20ಗಳ ಥ್ರೆಡ್ ಕೊಂದಿದ್ದಾರೋ! ಥ್ರೆಡ್ ಕತ್ತರಿಸುವಾಗ ಟೂಲನ್ನು ಮುಂದೆ ಒಯ್ಯೋದು ಲೀಡ್ ಸ್ಕ್ರೂ. ಮೆಟ್ರಿಕ್ ಲೀಡ್ ಸ್ಕ್ರೂನಲ್ಲಿ ಇಂಚಿನ ಥ್ರೆಡ್ ಸರಿಯಾಗಿ ಬರಬೇಕಾದರೆ 127 ಹಲ್ಲಿನ ಗೇರ್ ಬೇಕು, 25.4ರ ಐದು ಪಟ್ಟು 127. ಅಷ್ಟು ದೊಡ್ಡ ಗೇರು ನನ್ನ ಲೇಥಿನ ಕವರಿನೊಳಗೆ ಹಿಡಿಸಲಿಲ್ಲ. ಸಣ್ಣ ಸೈಜುಗಳಿಗೆ ಕೈಯಲ್ಲೇ ಥ್ರೆಡ್ ಕೊರೆಯುವ ಟ್ಯಾಪ್ ಮತ್ತು ಡೈ ತರಿಸಿಕೊಂಡರೆ ಆಯಿತು, ಆದರೆ ಸ್ಪಿಂಡಲ್‌ನಂಥ ದಪ್ಪದವಕ್ಕೆ ಲೇಥೇ ಗತಿ.

ಇನ್ನು ಬ್ರೇಕ್ ಡ್ರಮ್. ಮುಂದಿನದು 7 ಇಂಚು, ಅದೂ ಒಳಗಿನ ಅಳತೆ. 180 ಮಿಮೀ ಅಂದರೆ ಏಳು ಇಂಚಿನ ಲೇಥು, ಅದರಲ್ಲಿ ಈ ಡ್ರಮ್ಮು ಚಕ್ಕಿನ ಹತ್ತಿರವೂ ಸುಳಿಯಲಿಲ್ಲ.

ಹಳೇ ಲೇಥ್ ಹುಡುಕಲು ಶುರು ಮಾಡಿದೆ. ಜೂನಾ ಬಜಾರ್ ಬುಧವಾರ, ಭಾನುವಾರ. ಅಲ್ಲಿ ವೈಸು, ಫೈಲು, ವಿಟ್‌ವರ್ತ್ ಸ್ಪ್ಯಾನರು ಸಿಕ್ಕವು, ಲೇಥ್ ಸಿಗಲಿಲ್ಲ. ಆಸೆ ಇದ್ದಿದ್ದು ನಮ್ಮ ಹರಿಹರದ ಮೈಸೂರು ಕಿರ್ಲೋಸ್ಕರ್ ಲೇಥಿನ ಮೇಲೆ. ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಸೈಕಲ್ ಅಂಗಡಿ ಇಟ್ಟಿದ್ದು ಬೆಳಗಾವಿಯಲ್ಲಿ, ನನ್ನ ಬೈಕೂ ಬೆಳಗಾವಿಯದೇ. ಜೋಡಿ ಚೆನ್ನಾಗಿರುತ್ತಿತ್ತು. ಆದರೆ ನೋಡಿದ ಒಂದರ ತೂಕ ಕೇಳಿಯೇ ಕೈಬಿಟ್ಟೆ. ಕೊನೆಗೆ ಸಿಕ್ಕಿದ್ದು ನಾಲ್ಕೂವರೆ ಅಡಿಯ ಹಳೇ ಬೆಲ್ಟ್ ಲೇಥು, 70,000ಕ್ಕೆ. ಗೆಳೆಯನ ತಂದೆಯ ಶೆಡ್ಡಿನಲ್ಲಿ ಇಟ್ಟೆ. ಕ್ರೇನಿಗೆ, ಹಮಾಲರಿಗೆ ಬೇರೆ.

ಕೊಳ್ಳುವ ಮುಂಚೆ ಕಾಕಾನನ್ನೇ ಕರೆದುಕೊಂಡು ಹೋಗಿದ್ದೆ. ಅವರು ಬಣ್ಣ ನೋಡಲಿಲ್ಲ. ಟೂಲ್ ಹೊತ್ತು ಬೆಡ್ ಮೇಲೆ ಓಡಾಡುವ ಸ್ಯಾಡಲ್ಲನ್ನು ಚಕ್ಕಿನ ಹತ್ತಿರ ತಂದು ಸ್ಕ್ರೂ ಬಿಗಿ ಮಾಡಿದರು, ಆಮೇಲೆ ಎದುರು ತುದಿಯ ಟೇಲ್‌ಸ್ಟಾಕ್ ಕಡೆ ತಳ್ಳಿದರು. ಅರ್ಧ ದಾರಿಯಲ್ಲಿ ನಿಂತುಬಿಟ್ಟಿತು. "ಚಕ್ ಮುಂದ ಬೆಡ್ ಸವದೈತ್ರೀ. ರೇಟ್ ಇಳಸ್ರಿ ಅನ್ರಿ ಅವಗ." ಹದಿನೈದು ಸಾವಿರ ಇಳಿಯಿತು.

ಮೋಟಾರ್ ತ್ರೀ ಫೇಸ್, ಶೆಡ್ಡಿನಲ್ಲಿ ಸಿಂಗಲ್ ಫೇಸ್. ಸಿಂಗಲ್ ಫೇಸನ್ನು ತ್ರೀ ಫೇಸ್ ಮಾಡಿಕೊಡುವ ವಿಎಫ್‌ಡಿ ಹಾಕಿಸಿದೆ. ಅದರಿಂದ ಹೊರಬರೋದು 230 ವೋಲ್ಟು, ಹಾಗಾಗಿ ಮೋಟಾರಿನ ತಂತಿ ಜೋಡಣೆಯನ್ನು ಸ್ಟಾರ್‌ನಿಂದ ಡೆಲ್ಟಾಕ್ಕೆ ಬದಲಿಸಬೇಕಾಯಿತು. ಕ್ರಾಸ್ ಸ್ಲೈಡಿನ ಹ್ಯಾಂಡಲ್ ಕಾಲು ಸುತ್ತು ಖಾಲಿ ತಿರುಗುತ್ತೆ. 150 ಮಿಮೀ ಉದ್ದ ಕತ್ತರಿಸಿದರೆ ಎರಡು ತುದಿಗೆ 0.04 ಮಿಮೀ ಫರಕು. ಹೊಸ ಪುಟ್ಟ ಲೇಥಿಗಿಂತ ಇದು ಕಡಿಮೆ ಕರಾರುವಾಕ್ಕು, ಒಪ್ಪಿಕೊಳ್ಳಲೇಬೇಕು. ಮಳೆಗಾಲದಲ್ಲಿ ಒಂದು ವಾರ ಎಣ್ಣೆ ಒರೆಸದಿದ್ದರೆ ಬೆಡ್ ಕೆಂಪಗಾಗುತ್ತೆ.

ಆದರೂ ಇದನ್ನೇ ಯಾಕೆ ಗೆಲ್ಲಿಸಿದೆ ಅಂದರೆ, ಲೀಡ್ ಸ್ಕ್ರೂ ಇಂಚಿಗೆ 4 ಥ್ರೆಡ್ಡಿನದು. 26 ಬೇಕಾದರೆ 30 ಹಲ್ಲಿನ ಗೇರಿನಿಂದ 60ಕ್ಕೆ, ಅದರ ಜೊತೆಗಿನ 20ರಿಂದ 65ಕ್ಕೆ. ಹರಿದ ಪೆಟ್ಟಿಗೆಯಲ್ಲಿ ಆ ನಾಲ್ಕೂ ಗೇರು ಇದ್ದವು, 65ರದ್ದಕ್ಕೆ ಒಂದು ಹಲ್ಲಿನ ಮೂಲೆ ಮುರಿದಿತ್ತು ಅಷ್ಟೇ. ವೇಗ ತಗ್ಗಿಸುವ ಬ್ಯಾಕ್ ಗೇರ್ ಹಾಕಿದರೆ ಚಕ್ಕು ನಿಧಾನಕ್ಕೆ ಎತ್ತಿನ ಗಾಣದ ಹಾಗೆ ತಿರುಗುತ್ತೆ, ಗಾಬರಿ ಇಲ್ಲದೆ ಥ್ರೆಡ್ ಕತ್ತರಿಸಬಹುದು. ಮಾಡಿದ ಸ್ಪಿಂಡಲ್ಲಿಗೆ ಹಳೇ ನಟ್ಟು ಹಾಕಿ ಬೆರಳಿನಲ್ಲಿ ತಿರುಗಿಸಿದೆ. ಕೊನೇ ತನಕ ಹೋಯಿತು. ಬಿಚ್ಚಿದೆ, ಮತ್ತೆ ಹಾಕಿದೆ. ಹತ್ತು ಸಲವಾದರೂ ಮಾಡಿರಬೇಕು.

ಡ್ರಮ್ಮಿಗೆ ಸ್ಪೋಕ್ ಬಿಚ್ಚಿ ಹಬ್ ಮಾತ್ರ ನಾಲ್ಕು ದವಡೆಯ ಫೋರ್ ಜಾ ಚಕ್ಕಿನಲ್ಲಿ ಕಟ್ಟಿದೆ. ಡಯಲ್ ಗೇಜ್ ಇಟ್ಟು ನೆಟ್ಟಗೆ ತರಲು ಒಂದೂವರೆ ಗಂಟೆ, ಕೆರೆಯಲು ಹತ್ತು ನಿಮಿಷ. ಬೀಡು ಕಬ್ಬಿಣದ ಕಪ್ಪು ಪುಡಿ ಮೂಗಿನೊಳಗೆಲ್ಲ. ಆ ಒಂದೂವರೆ ಗಂಟೆಯ ತಾಳ್ಮೆ ಬಾಲ್ಕನಿಯ ಲೇಥಿನಿಂದ ಬಂದಿದ್ದು. ದೊಡ್ಡ ಲೇಥು ಮಂದ ಟೂಲಿದ್ದರೂ ಎಳೆದುಕೊಂಡು ಹೋಗುತ್ತೆ, ತಪ್ಪು ಗೊತ್ತೇ ಆಗೋದಿಲ್ಲ.

ಹಾಗಾಗಿ ಪುಟ್ಟದನ್ನು ಮಾರಲಿಲ್ಲ. ಬುಶ್ಶು, ವಾಷರು, ಸ್ಪೇಸರಿಗೆ ಅದೇ. ಫ್ಲ್ಯಾಟಿನಲ್ಲೇ ಇರುವವರಿಗೆ ಬೇರೆ ದಾರಿಯೂ ಇಲ್ಲ. ಆದರೆ ಕೊಳ್ಳುವಾಗ ಇಂಚಿನ ಲೀಡ್ ಸ್ಕ್ರೂ ಇರುವುದು ಸಿಗುತ್ತದಾ ಅಂತ ಕೇಳಿ.

ಸಿಲಿಂಡರ್ ಬೋರಿಂಗ್ ಮಾತ್ರ ಎರಡರಲ್ಲೂ ಮಾಡಲು ಹೋಗಲಿಲ್ಲ. 82 ಮಿಮೀ ಬೋರು, ಮೇಲಿಂದ ಕೆಳಗಿನ ತನಕ ಒಂದೇ ಅಳತೆ ಬರಬೇಕು, ಆಮೇಲೆ ಹೋನಿಂಗ್, ಅಂದರೆ ಒಳಗೋಡೆ ನಯ ಮಾಡೋದು. ಅದು ಕಾಕಾ ತೋರಿಸಿಕೊಟ್ಟ ಬೋರಿಂಗ್ ಅಂಗಡಿಯಲ್ಲಿದೆ. ಪ್ಲಸ್ 40 (ಮೂಲಕ್ಕಿಂತ 0.040 ಇಂಚು ದೊಡ್ಡ) ಪಿಸ್ಟನ್ ತಂದು ಮೇಜಿನ ಮೇಲಿಡೋ ತನಕ ಮುಟ್ಟಲ್ಲ ಅಂದಿದ್ದಾರೆ ಅಂಗಡಿಯವರು. ಪಿಸ್ಟನ್ ಬರಬೇಕು.