ವಾರ್ಮ್ ಸ್ಪ್ರಿಂಗ್ಸ್ ಬಾರ್ಟ್ ರಿವ್ಯೂ: ಇರೋ ಸ್ಟೇಷನ್‌ಗೆ ನಾಲ್ಕು ಸ್ಟಾರ್, ಇಲ್ಲದ ಸ್ಟೇಷನ್‌ಗೆ ಏನ್ ಕೊಡ್ಲಿ

ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ಗೆ ಮನೆ ನೋಡಕ್ಕೆ ಬರೋ ನಮ್ಮವ್ರು ಮೊದ್ಲು ಶಾಲೆ ಬಗ್ಗೆ ಕೇಳ್ತಾರೆ, ಅದಾದ್ಮೇಲೆ "ಬಾರ್ಟ್ ಎಷ್ಟು ದೂರ?" ಅಂತಾರೆ. ಬಾರ್ಟ್ ಅಂದ್ರೆ ಈ ಕಡೆಯ ಮೆಟ್ರೋ, ಸ್ಯಾನ್ ಫ್ರಾನ್ಸಿಸ್ಕೋ ತನಕ ಹೋಗುತ್ತೆ. ನಾನಿರೋದು ಇರ್ವಿಂಗ್ಟನ್ ಅನ್ನೋ ಏರಿಯಾದಲ್ಲಿ, ಹಾಗಾಗಿ ನನ್ನ ಉತ್ತರ ಯಾವಾಗ್ಲೂ ಒಂದೇ, ರೈಲು ಹತ್ರಾನೇ ಹೋಗುತ್ತೆ ಮಾರಾಯ, ನಿಲ್ಲಲ್ಲ ಅಷ್ಟೇ.

ನಿಲ್ಲೋ ಕಡೆಯಿಂದ ಶುರು ಮಾಡ್ತೀನಿ. ಫ್ರೀಮಾಂಟಿನ ದಕ್ಷಿಣ ಭಾಗದಲ್ಲಿರೋ ವಾರ್ಮ್ ಸ್ಪ್ರಿಂಗ್ಸ್ ಸ್ಟೇಷನ್ 2017ರ ಮಾರ್ಚಲ್ಲಿ ಓಪನ್ ಆಗಿದ್ದು. ಮುಂದೆ ಗಾಜಿನ ದೊಡ್ಡ ಡಬ್ಬ ಇಟ್ಟಂಗೆ ರೌಂಡಾಗಿದೆ, ಒಳಗೆ ಬೆಳಕು ಚೆನ್ನಾಗಿ ಬರುತ್ತೆ. ಪಾರ್ಕಿಂಗ್ ಜಾಗ ಸುಮಾರು 2,000 ಕಾರಿಂದು, ಅದರಲ್ಲಿ ಒಂದಷ್ಟಕ್ಕೆ ಸೋಲಾರ್ ಪ್ಯಾನಲ್ಲೇ ಚಪ್ಪರ. ಪ್ಲಾಟ್‌ಫಾರ್ಮ್ ಮೇಲೆ ನಿಂತ್ರೆ ಒಂದು ಕಡೆ ಮಿಷನ್ ಪೀಕ್ ಬೆಟ್ಟ, ಇನ್ನೊಂದು ಕಡೆ ಟೆಸ್ಲಾ ಫ್ಯಾಕ್ಟರಿ. ಇಲ್ಲಿಂದ ಗ್ರೀನ್, ಆರೆಂಜ್ ಎರಡು ಲೈನೂ ಸಿಗುತ್ತೆ, 2020ರಿಂದ ದಕ್ಷಿಣಕ್ಕೆ ಮಿಲ್ಪಿಟಾಸ್, ಬೆರ್ರಿಯೆಸ್ಸಾಗೂ ಹೋಗ್ಬಹುದು. ನನ್ನ ಮಟ್ಟಿಗೆ ಆರಾಮು, ನಾಲ್ಕು ಸ್ಟಾರ್.

ಆದ್ರೆ ಈ ಸ್ಟೇಷನ್ ಪೂರ್ತಿ ಅರ್ಥ ಆಗ್ಬೇಕಂದ್ರೆ ರಿಸೆಷನ್ ಟೈಮಿಗೆ ಹೋಗ್ಬೇಕು. ಆಗ ಈ ಊರಿನ ಗ್ರಹಚಾರ ನೋಡಿ. 2009ರ ಫೆಬ್ರವರಿಯಲ್ಲಿ ಓಕ್ಲೆಂಡ್ ಬೇಸ್‌ಬಾಲ್ ಟೀಮು ಇಲ್ಲಿ ಸ್ಟೇಡಿಯಂ ಕಟ್ಟೋ ಪ್ಲಾನ್ ಬಿಟ್ಟು ಹೋಯ್ತು. 2010ರ ಏಪ್ರಿಲ್ 1ಕ್ಕೆ ಜಿಎಂ ಮತ್ತೆ ಟೊಯೋಟಾ ಸೇರಿ ನಡೆಸ್ತಿದ್ದ ನುಮ್ಮಿ ಕಾರ್ ಫ್ಯಾಕ್ಟರಿಗೆ ಬೀಗ ಬಿತ್ತು, ಸುಮಾರು 4,700 ಜನರ ಕೆಲಸ ಹೋಯ್ತು (ಏಪ್ರಿಲ್ ಫೂಲ್ ದಿನಾನೇ ಬೇಕಿತ್ತಾ). ಮೇ ತಿಂಗಳಲ್ಲಿ ಟೆಸ್ಲಾ ಅದನ್ನ 42 ಮಿಲಿಯನ್ ಡಾಲರ್‌ಗೆ ತಗೊಂಡ್ತು, ಅಷ್ಟು ದೊಡ್ಡ ಫ್ಯಾಕ್ಟರಿಗೆ ಅದು ಗುಜರಿ ರೇಟು, ಆದ್ರೆ ಆಗಿನ್ನೂ ಟೆಸ್ಲಾ ಉಳಿಯುತ್ತೆ ಅಂತ ಯಾರಿಗೆ ಗ್ಯಾರಂಟಿ ಇತ್ತು. ಊರೆಲ್ಲ ನಂಬಿದ್ದು ಸೊಲಿಂಡ್ರಾ ಅನ್ನೋ ಸೋಲಾರ್ ಕಂಪ್ನೀನ, ಅದಕ್ಕೆ ಸರ್ಕಾರದ ಗ್ಯಾರಂಟಿ ಮೇಲೆ 535 ಮಿಲಿಯನ್ ಸಾಲ ಬೇರೆ ಸಿಕ್ಕಿತ್ತು, 2011ರಲ್ಲಿ ಅದು ದಿವಾಳಿ ಎದ್ದು ಹೋಯ್ತು. ಯಾವ ಕುದುರೆ ಓಡುತ್ತೆ ಅಂತ ಯಾರಿಗೂ ಗೊತ್ತಾಗಲ್ಲ ನೋಡಿ.

ಇಷ್ಟರ ಮಧ್ಯೆ ರೈಲಿನ ಕೆಲಸ ಮಾತ್ರ ನಿಲ್ಲಲಿಲ್ಲ, ಯಾಕಂದ್ರೆ ಅದರ ದುಡ್ಡು ಒಂದೇ ಜೇಬಿಂದ ಬರ್ತಿರಲಿಲ್ಲ. ಅಲಮೀಡಾ ಕೌಂಟಿ (ನಮ್ಮ ಕಡೆ ಜಿಲ್ಲೆ ಇದ್ದಂಗೆ, ಫ್ರೀಮಾಂಟ್ ಇರೋದು ಇದರಲ್ಲೇ) ಜನ 2000ದಲ್ಲೇ ವೋಟು ಹಾಕಿ ಒಪ್ಪಿದ್ದ ಅರ್ಧ ಪರ್ಸೆಂಟ್ ಸೇಲ್ಸ್ ಟ್ಯಾಕ್ಸು ಒಂದು, ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿ ಮೇಲಿನ ಬ್ರಿಡ್ಜ್‌ಗಳ ಟೋಲ್ ಒಂದು, ರಾಜ್ಯದ ಬಾಂಡ್ ಇನ್ನೊಂದು. ಹಳೇ ಫ್ರೀಮಾಂಟ್ ಸ್ಟೇಷನ್ನಿಂದ ವಾರ್ಮ್ ಸ್ಪ್ರಿಂಗ್ಸ್ ತನಕ ಹೊಸದಾಗಿ ಹಾಕೋ 5.4 ಮೈಲಿ ಹಳಿಗೆ ಒಟ್ಟು 890 ಮಿಲಿಯನ್ ಡಾಲರ್ ಬಜೆಟ್ಟು. ಇನ್ನೊಂದು ಮಜಾ ಏನಂದ್ರೆ 2009ರಲ್ಲಿ ಕಂಟ್ರಾಕ್ಟರ್‌ಗಳಿಗೆಲ್ಲ ಕೆಲಸಾನೇ ಇಲ್ಲ, ಹಾಗಾಗಿ ಸೆಂಟ್ರಲ್ ಪಾರ್ಕ್ ಕೆಳಗೆ, ಲೇಕ್ ಎಲಿಜಬೆತ್ ಅನ್ನೋ ಕೆರೆ ಅಡಿಯಲ್ಲಿ ಹೋಗೋ ಸುರಂಗಕ್ಕೆ ಟೆಂಡರ್ ಕರೆದ್ರೆ ಇಂಜಿನಿಯರ್‌ಗಳ ಅಂದಾಜಿಗಿಂತ ತುಂಬಾನೇ ಕಡಿಮೆಗೆ ಬಿಡ್ ಬಂತು. ಮನೆ ಕಟ್ಸೋರು ಹೇಳ್ತಾರಲ್ಲ, ಗಾರೆಯವ್ರು ಖಾಲಿ ಇದ್ದಾಗ್ಲೇ ಪಾಯ ತೆಗೀಬೇಕು ಅಂತ, ಅದೇ ಲೆಕ್ಕ.

ಈಗ ನಮ್ಮ ಏರಿಯಾ ಕಥೆಗೆ ಬರೋಣ, ಇಲ್ಲೇ ನನ್ನ ಹೊಟ್ಟೆ ಉರಿಯೋದು. ಫ್ರೀಮಾಂಟ್ ಸ್ಟೇಷನ್‌ಗೂ ವಾರ್ಮ್ ಸ್ಪ್ರಿಂಗ್ಸ್‌ಗೂ ಮಧ್ಯೆ ಇರ್ವಿಂಗ್ಟನ್‌ನಲ್ಲಿ, ವಾಷಿಂಗ್ಟನ್ ಬೊಲೆವಾರ್ಡು ಆಸ್‌ಗುಡ್ ರೋಡು ಸೇರೋ ಕಡೆ, ಒಂದು ಸ್ಟೇಷನ್ ಪ್ಲಾನಲ್ಲೇ ಇತ್ತು. ಅದರ ಖರ್ಚು ಮಾತ್ರ ಸಿಟಿ ಪಾಲಿಗೆ, ಸಿಟಿ ನೆಚ್ಚಿಕೊಂಡಿದ್ದು ತನ್ನ ರೀಡೆವಲಪ್‌ಮೆಂಟ್ ಏಜೆನ್ಸೀನ. ಅದು ನಡೀತಿದ್ದ ರೀತಿ ಹೀಗೆ: ಒಂದು ಏರಿಯಾ ಗುರುತು ಮಾಡಿ ಅವತ್ತು ಬರ್ತಿರೋ ಪ್ರಾಪರ್ಟಿ ಟ್ಯಾಕ್ಸ್‌ಗೆ ಗೆರೆ ಎಳೀತಾರೆ, ಮುಂದೆ ಜಾಗದ ಬೆಲೆ ಏರಿ ಆ ಗೆರೆ ಮೇಲೆ ಎಷ್ಟು ಬರುತ್ತೋ ಅದರಲ್ಲಿ ದೊಡ್ಡ ಪಾಲು ಏಜೆನ್ಸಿಗೆ, ಆ ಮುಂದೆ ಬರೋ ದುಡ್ಡು ತೋರಿಸಿ ಇವತ್ತೇ ಬಾಂಡ್ ಮೇಲೆ ಸಾಲ ಎತ್ತೋದು. ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸಿದಂಗೆ ಅನ್ಸುತ್ತೆ ಅಲ್ವಾ, ಆದ್ರೆ ಕ್ಯಾಲಿಫೋರ್ನಿಯಾದ ಸುಮಾರು 400 ಏಜೆನ್ಸಿಗಳು ಇದೇ ಲೆಕ್ಕದಲ್ಲೇ ಬದುಕಿದ್ವು.

ರಿಸೆಷನ್‌ನಿಂದ ರಾಜ್ಯದ ಖಜಾನೆ ಬರಿದಾಯ್ತು. ಏಜೆನ್ಸಿಗೆ ಹೋಗೋ ಟ್ಯಾಕ್ಸಲ್ಲಿ ಶಾಲೆಗಳ ಪಾಲೂ ಇತ್ತು, ಅದನ್ನ ರಾಜ್ಯಾನೇ ತುಂಬಿಕೊಡ್ಬೇಕಿತ್ತು. ಗವರ್ನರ್ ಜೆರ್ರಿ ಬ್ರೌನ್ 2011ರಲ್ಲಿ ಇವನ್ನೆಲ್ಲ ಮುಚ್ಚೋ ಕಾನೂನು ತಂದ್ರು, ಸಿಟಿಗಳು ಕೋರ್ಟಿಗೆ ಹೋಗಿ ಡಿಸೆಂಬರಲ್ಲಿ ಸೋತ್ವು, 2012ರ ಫೆಬ್ರವರಿ 1ಕ್ಕೆ ಅಂಗಡಿ ಬಂದ್. ಇದೇ ಬ್ರೌನ್ ಹಿಂದೆ ಓಕ್ಲೆಂಡ್ ಮೇಯರ್ ಆಗಿದ್ದಾಗ ಅದೇ ದುಡ್ಡಲ್ಲಿ ಊರು ಕಟ್ಟಿದವ್ರು! ಶಾಲೆಗೆ ದುಡ್ಡು ಬೇಡ ಅಂತ ನಾನು ಹೇಳಲ್ಲ, ನನ್ನ ಮಕ್ಳೂ ಅಲ್ಲೇ ಓದ್ತಿರೋದು. ಆದ್ರೂ ಸೈನ್ ಆಗಿದ್ದ ಕಂಟ್ರಾಕ್ಟ್ ಉಳೀತು, ಪೇಪರ್ ಮೇಲಿದ್ದ ನಮ್ಮ ಸ್ಟೇಷನ್ ಹೋಯ್ತು, ರೈಲು ಬಂತು, ನಮ್ಮನ್ನ ದಾಟಿಕೊಂಡು ಹೋಯ್ತು.

2014ರಲ್ಲಿ ಕೌಂಟಿ ಜನ ಇನ್ನೊಂದು ಅರ್ಧ ಪರ್ಸೆಂಟ್ ಸೇಲ್ಸ್ ಟ್ಯಾಕ್ಸ್‌ಗೆ ಒಪ್ಪಿದ್ರು, ಅದರಲ್ಲಿ ಇರ್ವಿಂಗ್ಟನ್ ಸ್ಟೇಷನ್‌ಗೆ ಅಂತ 120 ಮಿಲಿಯನ್ ಬರೆದಿಟ್ಟಿದ್ದಾರೆ. ಅಂದ್ರೆ ನಾನು ಈ ಊರಲ್ಲಿ ಕುಕ್ಕರ್ ತಗೊಂಡ್ರೂ ಆ ಸ್ಟೇಷನ್‌ಗೆ ಕಾಸು ಹಾಕ್ತಿದ್ದೀನಿ (ಅಕ್ಕಿ ಬೇಳೆಗೆ ಟ್ಯಾಕ್ಸ್ ಇಲ್ಲ, ಅಷ್ಟರ ಮಟ್ಟಿಗೆ ಪುಣ್ಯ). ಕಾಯ್ತಾ ಕಾಯ್ತಾ ಕಟ್ಟೋ ರೇಟು ಏರಿದೆ, 2009ರ ಬಿಡ್‌ಗಳು ಇನ್ನೆಲ್ಲಿ. ಬೆಂಗಳೂರಲ್ಲಿ ಕೋನಪ್ಪನ ಅಗ್ರಹಾರ ಮೆಟ್ರೋ ಸ್ಟೇಷನ್‌ಗೆ ಇನ್ಫೋಸಿಸ್ ಫೌಂಡೇಶನ್ 200 ಕೋಟಿ ಕೊಡಕ್ಕೆ ಒಪ್ಪಿದಾಗ ಸ್ಟೇಷನ್‌ಗೂ ಕಂಪ್ನಿ ಹೆಸ್ರಾ ಅಂತ ನಕ್ಕಿದ್ದೆ, ಈಗ ನಗು ಬರಲ್ಲ.

ವಾರ್ಮ್ ಸ್ಪ್ರಿಂಗ್ಸ್ ಮಾತ್ರ ಬದಲಾಗಿಬಿಟ್ಟಿದೆ. 2014ರ ಪ್ಲಾನಲ್ಲಿ ಸುಮಾರು 4,000 ಮನೆಗೆ ಜಾಗ ಇಟ್ಟಿದ್ರು, ಫ್ಯಾಕ್ಟರಿ ಕಡೆಯ ಖಾಲಿ ಜಾಗದಲ್ಲಿ ಅಪಾರ್ಟ್‌ಮೆಂಟು, ಹೊಸ ಶಾಲೆ ಎಲ್ಲಾ ಎದ್ದಿದೆ, ಹಳಿ ದಾಟಕ್ಕೆ ನಡೆಯೋ ಸೇತುವೆ ಆಮೇಲೆ ಬಂತು. ಸಂಜೆ ಅದರ ಮೇಲೆ ಸ್ಟ್ರಾಲರ್ ತಳ್ಕೊಂಡು ಹೋಗೋರಲ್ಲಿ ಕನ್ನಡ ಕೇಳ್ಸುತ್ತೆ.

ಹೊಸದಾಗಿ ಬರೋರಿಗೆ ನನ್ನ ಸಲಹೆ: ಬಾರ್ಟ್ ನಂಬಿ ಮನೆ ತಗೋತೀರಾದ್ರೆ ಇವತ್ತು ರೈಲು ನಿಲ್ಲೋ ಕಡೆ ತಗೊಳ್ಳಿ. ಏಜೆಂಟ್ "ಮುಂದೆ ಬರೋ ಸ್ಟೇಷನ್ ಪಕ್ಕಾನೇ" ಅಂದ್ರೆ ನಕ್ಕು ಬೆಲೆ ಇಳಿಸಿ ಕೇಳಿ.

ಹೋದ ವರ್ಷ ಅಮ್ಮ ಹಾಸನದಿಂದ ಬಂದಿದ್ರು, ಸ್ಯಾನ್ ಫ್ರಾನ್ಸಿಸ್ಕೋ ತೋರಿಸ್ಕೊಂಡು ವಾಪಸ್ ಬರ್ತಿದ್ವಿ. ಸುರಂಗ ದಾಟಿ ರೈಲು ಮೇಲೆ ಬಂತು, ವಾಷಿಂಗ್ಟನ್ ಸೇತುವೆ ಕಂಡಿದ್ದೇ ತಡ ಅಮ್ಮ ಬ್ಯಾಗ್ ತಗೊಂಡು ಎದ್ದು ನಿಂತ್ರು, "ಬಂತಲ್ಲೋ ನಮ್ಮನೆ ಕಡೆ, ಏಳು." ಇಲ್ಲಮ್ಮ, ಇಲ್ಲಿ ನಿಲ್ಲಲ್ಲ, ಮುಂದೆ ಹೋಗಿ ಇಳ್ದು ಕಾರಲ್ಲಿ ವಾಪಸ್ ಬರ್ಬೇಕು ಅಂದೆ. "ಒಂದು ನಿಮಿಷ ನಿಲ್ಲಿಸಿದ್ರೆ ಇವ್ರ ಗಂಟೇನ್ ಹೋಗ್ತಿತ್ತು" ಅಂತ ಗೊಣಗ್ತಾ ಕೂತ್ಕೊಂಡ್ರು.